ಹೋಮ್ ನರ್ಸ್ ಇರುವ ಮನೆಯಲ್ಲಿ ಏನಾದರೂ ಆದರೆ: ಬರೆದಿಡುವುದು ಹೇಗೆ, ತಿಳಿಸುವುದು ಯಾರಿಗೆ?

ಹಾಸನ ಜಿಲ್ಲೆಯಲ್ಲಿ ಇದು ಈಗ ಮಾಮೂಲು. ಮಗ ಬೆಂಗಳೂರಲ್ಲಿ, ಮಗಳು ಮೈಸೂರಲ್ಲಿ. ಸಕಲೇಶಪುರದ ತೋಟದ ಮನೆಯಲ್ಲೋ ಹಾಸನದ ಬಡಾವಣೆಯಲ್ಲೋ ಎಂಬತ್ತು ದಾಟಿದ ಅಮ್ಮ. ಜೊತೆಗೆ ಏಜೆನ್ಸಿ ಕಳಿಸಿದ ಹೋಮ್ ನರ್ಸ್. ಕೆಲವು ಮನೆಗಳಲ್ಲಿ ಅಮ್ಮನ ಜಾಗದಲ್ಲಿ ಓಡಾಡಲಾಗದ ತಮ್ಮನೋ ಬುದ್ಧಿಮಾಂದ್ಯ ಮಗಳೋ ಇರುತ್ತಾರೆ.

ಅಮ್ಮ ಬಾತ್‌ರೂಮಲ್ಲಿ ಜಾರಿದರು, ಶುಗರ್ ಮಾತ್ರೆ ಎರಡು ಸಲ ಕೊಟ್ಟಾಯಿತು, ತೋಳ ಮೇಲೆ ಕಂದಿದ ಗುರುತು ಕಂಡಿತು. ಇಂಥ ಸುದ್ದಿ ಮಕ್ಕಳಿಗೆ ಮುಟ್ಟುವ ಹೊತ್ತಿಗೆ ಎರಡು ದಿನ ಕಳೆದಿರುತ್ತದೆ, ಅದೂ ಪಕ್ಕದ ಮನೆಯವರ ಬಾಯಿಂದ. ಹೇಳಿದರೆ ಬೈತಾರೆ, ಕೆಲಸವೂ ಹೋಗುತ್ತೆ ಅನ್ನೋ ಭಯ ನೋಡಿಕೊಳ್ಳುವವರಿಗೆ. ನನ್ನ ಪ್ರಕಾರ ಮುಚ್ಚಿಡುವುದನ್ನು ಕಲಿಸೋದು ನಮ್ಮ ಬೈಗುಳವೇ.

ಆಸ್ಟ್ರೇಲಿಯಾದಲ್ಲಿ 2022ರ ಡಿಸೆಂಬರ್‌ನಿಂದ ಹಿರಿಯರಿಗೆ ಮನೆಗೇ ಬಂದು ಆರೈಕೆ ಕೊಡುವ ಸಂಸ್ಥೆಗಳೂ ತೀರಾ ಗಂಭೀರ ಘಟನೆಗಳನ್ನು 24 ಗಂಟೆಯೊಳಗೆ ಸರ್ಕಾರಿ ಆಯೋಗಕ್ಕೆ ತಿಳಿಸಬೇಕು. ನಮ್ಮಲ್ಲಿ ಅಂಥ ಏರ್ಪಾಟಿಲ್ಲ. ಹಾಗಾಗಿ ಮನೆಯವರೇ ಒಂದು ಕ್ರಮ ಮಾಡಿಕೊಳ್ಳಬೇಕು.

ಮೊದಲು ಪೆಟ್ಟು ನೋಡಿ

ಬಿದ್ದವರನ್ನು ಗಾಬರಿಯಲ್ಲಿ ಎಳೆದು ಎಬ್ಬಿಸಬೇಡಿ. ಒಂದು ಕಾಲು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿದಂತೆ ಕಂಡರೆ ಸೊಂಟದ ಹತ್ತಿರ ಮೂಳೆ ಮುರಿದಿರಬಹುದು. ಮಲಗಿದ್ದಲ್ಲೇ ಇರಲಿ, 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾಗಿದ್ದು, ರಕ್ತ ತೆಳು ಮಾಡುವ ಮಾತ್ರೆ ತಗೋತಿದ್ದರೆ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಮಾತ್ರೆ ಹೆಚ್ಚುಕಮ್ಮಿ ಆಗಿದ್ದರೆ ಮಾತ್ರೆಯ ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಿರಿ.

ಅದೇ ದಿನ ಬರೆದಿಡಿ

ಇದೇ ಮುಖ್ಯ ಕೆಲಸ, ಎಲ್ಲರೂ ಬಿಡೋದೂ ಇದನ್ನೇ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಮಾತ್ರೆ ಡಬ್ಬಿಯ ಪಕ್ಕದಲ್ಲೇ ಇರಲಿ. ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಯಾರೂ ಬರೆಯಲ್ಲ.

ಸಾಮಾನ್ಯವಾಗಿ ಬರೆಯೋದು ಹೀಗೆ: ‘ಅಜ್ಜಿ ಹೇಳಿದ ಮಾತು ಕೇಳದೆ ಎದ್ದು ಹೋಗಿ ಬಿದ್ದರು. ಏನೂ ಆಗಿಲ್ಲ.’ ಇದರಿಂದ ಡಾಕ್ಟರಿಗೂ ಉಪಯೋಗವಿಲ್ಲ, ಮಗನಿಗೂ ಇಲ್ಲ. ಹೀಗೆ ಬರೆದರೆ ನೋಡಿ:

‘ಮಂಗಳವಾರ, ಬೆಳಗಿನ ಜಾವ 5.10. ಬಚ್ಚಲಿಂದ ಸದ್ದು ಕೇಳಿ ಹೋದೆ. ಅಜ್ಜಿ ಬಲಮಗ್ಗುಲಿಗೆ ಬಿದ್ದಿದ್ದರು. ನೆಲ ಒದ್ದೆ, ಲೈಟ್ ಹಾಕಿರಲಿಲ್ಲ. ಬಿದ್ದಿದ್ದು ನಾನು ನೋಡಿಲ್ಲ. “ಕಾಲು ಜಾರಿತು ಕಣೇ” ಅಂದರು. ಬಲ ಮೊಣಕೈ ತರಚಿದೆ. ತಲೆಗೆ ತಾಗಿಲ್ಲ ಅಂತಾರೆ. 5.25ಕ್ಕೆ ಅಣ್ಣನಿಗೆ ಫೋನ್ ಮಾಡಿದೆ.’

ಕಂಡದ್ದು ಬೇರೆ, ಕೇಳಿದ್ದು ಬೇರೆ, ಊಹೆ ಇಲ್ಲವೇ ಇಲ್ಲ. ‘ನಾನು ನೋಡಿಲ್ಲ’ ಎಂಬ ಎರಡು ಪದಕ್ಕೆ ಬೆಲೆ ಜಾಸ್ತಿ. ಬಿದ್ದವರು ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. ಮರೆವಿನ ಕಾಯಿಲೆಯವರ ಮಾತು ಅಂತ ತಳ್ಳಿಹಾಕಬೇಡಿ. ಬರೆಯಲು ಬಾರದವರು ಅದನ್ನೇ ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಹೇಳಿ ಮಗನಿಗೋ ಮಗಳಿಗೋ ಕಳಿಸಲಿ. ತಪ್ಪು ಬರೆದಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಿರಿ, ಹಾಳೆ ಹರಿಯಬೇಡಿ.

ಅನಾಹುತ ಆಗದೆ ತಪ್ಪಿದ್ದನ್ನೂ ಬರೆಯಬೇಕು. ಅನ್ನ ಗಂಟಲಿಗೆ ಸಿಕ್ಕಿ ಕೆಮ್ಮಿದ್ದು, ಗೇಟು ದಾಟಿ ರಸ್ತೆಗೆ ಹೋಗಿದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ. ಹಿಮ್ಮಡಿ ಅಥವಾ ಬೆನ್ನ ಕೆಳಭಾಗ ಕೆಂಪಾಗಿದ್ದು, ಬೆರಳಲ್ಲಿ ಒತ್ತಿ ಬಿಟ್ಟರೂ ಆ ಕೆಂಪು ಮಾಸದಿದ್ದರೆ ಅದು ಹಾಸಿಗೆ ಹುಣ್ಣಿನ ಆರಂಭ. ಅಂದೇ ಬರೆದು ಡಾಕ್ಟರಿಗೆ ಹೇಳಿ. ಇನ್ನೊಂದು ಮಾತು. ಅಜ್ಜ ಸಿಟ್ಟಿಗೆದ್ದು ಹೋಮ್ ನರ್ಸ್‌ಗೆ ಹೊಡೆದರೆ ಅದೂ ಘಟನೆಯೇ. ಅದಕ್ಕೂ ಆ ಪುಸ್ತಕದಲ್ಲಿ ಜಾಗ ಇರಲಿ.

ಗಾಯದ ಫೋಟೋ ಬೇಕಾಗುತ್ತದೆ, ಆದರೆ ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಅಮ್ಮನ ಮೈ ಮೇಲಿನ ಹುಣ್ಣು ಮೂವತ್ತು ಜನ ನೋಡೋ ವಿಷಯ ಅಲ್ಲ, ಅಲ್ವಾ?

ಯಾರಿಗೆ, ಎಷ್ಟು ಬೇಗ

ಮೊದಲ ಪುಟದಲ್ಲೇ ಮೂರು ನಂಬರ್ ಬರೆದಿಡಿ: ಮನೆಯವರಲ್ಲಿ ಒಬ್ಬರದು, ಡಾಕ್ಟರದು, ಏಜೆನ್ಸಿಯದು. ಪೆಟ್ಟು, ತಪ್ಪು ಮಾತ್ರೆ, ಕಾಣೆಯಾದದ್ದು ಆದರೆ ತಕ್ಷಣ ಫೋನ್. ಸಣ್ಣಪುಟ್ಟದ್ದು ಸಂಜೆಯ ಫೋನಿನಲ್ಲಿ ಸಾಕು. ಏಜೆನ್ಸಿಗೆ ಬಾಯಲ್ಲಿ ಹೇಳಿ ಸುಮ್ನೆ ಕೂರಬೇಡಿ, ಮೆಸೇಜ್ ಕೂಡ ಕಳಿಸಿ. ನಾಳೆ ‘ನಮಗೆ ಗೊತ್ತೇ ಇರಲಿಲ್ಲ’ ಅನ್ನಲಾಗದು. ಫೋನ್ ಎತ್ತಿದ ಮಕ್ಕಳ ಮೊದಲ ಮಾತು ‘ನೀನೇನು ಮಾಡ್ತಿದ್ದೆ?’ ಆಗಿರಬಾರದು. ‘ಈಗ ಹೇಗಿದ್ದಾರೆ ಅಕ್ಕ?’ ಅಂತ ಕೇಳಿ. ಮುಂದಿನ ಸಲವೂ ಫೋನ್ ಬರುತ್ತದೆ.

ಹಲ್ಲೆ, ಉಪವಾಸ, ಕಳವಿನ ಅನುಮಾನ ಬಂದರೆ

ಇಲ್ಲಿ ದಾರಿ ಬೇರೆ. ಎರಡೂ ತೋಳಲ್ಲಿ ಬೆರಳ ಗುರುತು, ಮಣಿಕಟ್ಟಲ್ಲಿ ಕಟ್ಟಿದ ಗುರುತು, ಒಬ್ಬರು ಹತ್ತಿರ ಬಂದರೆ ಮಾತ್ರ ಮುದುಡಿಕೊಳ್ಳುವುದು ಕಂಡರೆ ಹಿರಿಯರನ್ನು ಒಬ್ಬರನ್ನೇ ಮಾತಾಡಿಸಿ. ಅನುಮಾನ ಇರುವ ವ್ಯಕ್ತಿ ಆಗ ಕೋಣೆಯಲ್ಲಿ ಇರಬಾರದು. ಆ ವ್ಯಕ್ತಿ ಸ್ವಂತ ಮಗನೋ ಸೊಸೆಯೋ ಆಗಿರಬಹುದು ಅನ್ನೋದನ್ನು ಮರೆಯಬೇಡಿ.

ಆಸ್ಪತ್ರೆಯಲ್ಲಿ ‘ಜಾರಿ ಬಿದ್ದರು’ ಅಂತ ಸುಳ್ಳು ಬರೆಸಬೇಡಿ. ಹೊಡೆತದ ಅನುಮಾನ ಹೇಳಿದರೆ ಡಾಕ್ಟರು ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಪಟ್ಟ ಗಾಯ ಎಂಬ ದಾಖಲೆ, ಮಾಡಿ ಪೊಲೀಸರಿಗೆ ತಿಳಿಸುತ್ತಾರೆ. ಒಡವೆ ಕಾಣದಿದ್ದರೆ ಹೋಮ್ ನರ್ಸ್ ಬ್ಯಾಗ್ ಜಾಲಾಡುವುದು, ಕೋಣೆಯಲ್ಲಿ ಕೂಡಿಹಾಕುವುದು ಬೇಡ. ಕೂಡಿಹಾಕಿದರೆ ಕೇಸು ನಿಮ್ಮ ಮೇಲೇ ಬೀಳುತ್ತದೆ.

ಅಪಾಯ ಕಣ್ಣೆದುರೇ ಇದ್ದರೆ 112. ಹಿರಿಯರ ವಿಷಯದ ಸಲಹೆ, ದೂರಿಗೆ ಸಹಾಯವಾಣಿ 14567. ಇದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ, ದುಡ್ಡಿಲ್ಲ. ಹಿರಿಯರನ್ನು ನೋಡಿಕೊಳ್ಳಬೇಕಾದವರೇ ಎಲ್ಲಾದರೂ ಬಿಟ್ಟು ಕೈತೊಳೆದುಕೊಂಡರೆ ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆಯಡಿ 3 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಕ್ಕಳಿಂದ ಜೀವನಾಂಶ ಕೇಳುವ ಅರ್ಜಿ ಉಪವಿಭಾಗಾಧಿಕಾರಿ, ಅಂದರೆ ಎಸಿ, ಕಚೇರಿಗೆ ಹೋಗಬೇಕು. ಹಾಸನ ಜಿಲ್ಲೆಯಲ್ಲಿ ಅದು ಹಾಸನ ಮತ್ತು ಸಕಲೇಶಪುರದಲ್ಲಿದೆ. ಚಿಕ್ಕಮಗಳೂರಿನ ಕಡೆಯವರಿಗೆ ಚಿಕ್ಕಮಗಳೂರು ಮತ್ತು ತರೀಕೆರೆ.

ವಿಕಲಚೇತನರ ವಿಷಯದಲ್ಲಿ ಅವರ ಹಕ್ಕುಗಳ 2016ರ ಕಾಯ್ದೆ ಇನ್ನೂ ಬಿಗಿ. ತನ್ನ ಸುಪರ್ದಿಯಲ್ಲಿರುವವರಿಗೆ ಬೇಕೆಂದೇ ಊಟ, ನೀರು ಕೊಡದಿದ್ದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ. ಡೈಪರ್ ಬದಲಿಸುವ ಕೆಲಸ ತಪ್ಪುತ್ತೆ ಅಂತ ನೀರು ಕಮ್ಮಿ ಕೊಡುವವರು ಇದನ್ನು ಓದಬೇಕು. ಹಿಂಸೆಯ ಮಾಹಿತಿಯನ್ನು ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಡಬಹುದು. ತಾಲ್ಲೂಕಿನಲ್ಲಿ ತಹಶೀಲ್ದಾರರೇ ಆ ಮ್ಯಾಜಿಸ್ಟ್ರೇಟ್. ಅರ್ಜಿ ಬರೆಯುವುದು ಹೇಗೆ ಎಂದು ತಿಳಿಯದಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ವಿಕಲಚೇತನರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಮಹಿಳೆಯರಿಗೆ, ವಿಕಲಚೇತನರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವುಂಟು, 15100ಕ್ಕೆ ಫೋನ್ ಮಾಡಿ.

ಠಾಣೆಗೆ ಹೋಗುವಾಗ ನೋಟ್‌ಬುಕ್ಕಿನ ಜೆರಾಕ್ಸ್, ಆಸ್ಪತ್ರೆಯ ಚೀಟಿ, ಏಜೆನ್ಸಿಗೆ ಕಳಿಸಿದ ಮೆಸೇಜು ಜೊತೆಗಿರಲಿ, ಅಸಲು ಮನೆಯಲ್ಲೇ ಇಡಿ. ಎಫ್‌ಐಆರ್ ಆದರೆ ಅದರ ಪ್ರತಿ ದೂರು ಕೊಟ್ಟವರಿಗೆ ಉಚಿತ, ಕೇಳಿ ಪಡೆಯಿರಿ. ದೂರು ದಾಖಲಿಸಲು ಒಪ್ಪದಿದ್ದರೆ ಜಗಳಕ್ಕೆ ನಿಲ್ಲಬೇಡಿ. ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಎಸ್ಪಿಗೆ ಕಳಿಸಿ, ಅಂಚೆ ರಸೀದಿಯನ್ನು ನೋಟ್‌ಬುಕ್ಕಿಗೆ ಪಿನ್ ಮಾಡಿ.