ಶ್ರೀಲಂಕಾಗೆ ಹೊರಟವರು ಟಿಕೆಟ್‌ಗೆ ಮೊದಲು ಮಳೆ ನೋಡಿ
ಶ್ರೀಲಂಕಾಗೆ ಯಾವ ತಿಂಗಳು ಹೋಗೋದು ಅಂತ ಕೇಳಿದರೆ, ಯಾವ ಕರಾವಳಿಗೆ ಅಂತ ನಾನೇ ತಿರುಗಿ ಕೇಳುತ್ತೇನೆ. ಪುಟ್ಟ ದ್ವೀಪವಾದರೂ ಎರಡು ಮಳೆಗಾಲ ನೋಡಿ. ಮೇಯಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಕರಾವಳಿಯ ಗಾಲೆ, ಮಿರಿಸ್ಸ ಕಡೆ ಮಳೆ, ಕಡಲೂ ಒರಟು. ಅದೇ ಹೊತ್ತಿಗೆ ಪೂರ್ವದ ಟ್ರಿಂಕೋಮಲಿಯಲ್ಲಿ ಒಳ್ಳೆ ಬಿಸಿಲು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಕ್ಷಿಣವೇ ಚೆಂದ.

ಸಸ್ಯಾಹಾರಿಗಳೇ, ದೋಸೆಯಂಥ ಆಪ್ಪದ ಜೊತೆ ಬರುವ ಕೆಂಪು ಪೊಲ್ ಸಂಬೋಲ್ ನಮ್ಮ ಕಾಯಿಚಟ್ನಿ ಥರಾನೇ ಕಾಣುತ್ತದೆ. ಆದರೆ ಅದರಲ್ಲಿ ಒಣಮೀನಿನ ಪುಡಿ ಹಾಕುವುದು ಜಾಸ್ತಿ. ಮೊದಲೇ ಕೇಳಿ, ಸಂಕೋಚ ಬೇಡ.

ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ, ಅಲ್ಲಿ ಅದು ಅವಮಾನ. ದೇವಸ್ಥಾನಕ್ಕೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಮಧ್ಯಾಹ್ನ ಕಲ್ಲು ಸುಡುತ್ತದೆ, ಚಪ್ಪಲಿ ಬಿಟ್ಟ ಮೇಲೆ ಸಾಕ್ಸ್ ಇದ್ದರೆ ಬಚಾವ್. ಹುಣ್ಣಿಮೆ ದಿನ ಸರ್ಕಾರಿ ರಜೆ, ಮದ್ಯ ಮಾರುವುದಿಲ್ಲ.