ರಿಪೋರ್ಟೆಡ್ ಸ್ಪೀಚ್‌ನಲ್ಲಿ ವಿಲ್, ಕ್ಯಾನ್, ಮಸ್ಟ್

ಇಂಗ್ಲಿಷ್‌ನಲ್ಲಿ ಒಬ್ಬರು ಆಡಿದ ಮಾತನ್ನು ನಮ್ಮ ವಾಕ್ಯದಲ್ಲಿ ಹೇಳುವುದೇ ರಿಪೋರ್ಟೆಡ್ ಸ್ಪೀಚ್. ಅದರಲ್ಲಿ ಮೊದಲು ಹೊರಗಿನ ಕ್ರಿಯಾಪದ, ಅಂದರೆ 'ಹೇಳು' ಎಂಬರ್ಥದ ಪದ ನೋಡಿ. ಅದು 'ಸೇಸ್' ಆಗಿದ್ದರೆ ಮೋಡಲ್ (ವಿಲ್, ಕ್ಯಾನ್, ಮಸ್ಟ್‌ನಂಥ ಸಹಾಯಕ ಕ್ರಿಯಾಪದ) ಮುಟ್ಟಬೇಡಿ. 'ಸೆಡ್' ಆಗಿದ್ದರೆ ವಿಲ್ ಹೋಗಿ ವುಡ್, ಕ್ಯಾನ್ ಹೋಗಿ ಕುಡ್, ಮೇ ಹೋಗಿ ಮೈಟ್ ಬರುತ್ತದೆ. ವುಡ್, ಕುಡ್, ಮೈಟ್, ಶುಡ್ ಇದ್ದರೆ ಹಾಗೇ ಬಿಡಿ.

ಕನ್ನಡದಲ್ಲಿ 'ನಾಳೆ ಬರ್ತೀನಿ ಅಂದ' ಎಂದು ಆಡಿದ ಮಾತನ್ನೇ ಇಟ್ಟುಬಿಡುತ್ತೇವೆ. ಆ ರೂಢಿಯಿಂದಲೇ 'ಹಿ ಸೆಡ್ ದಟ್ ಐ ವಿಲ್ ಕಮ್ ಟುಮಾರೋ' ಎಂಬ ತಪ್ಪು ನುಸುಳುತ್ತದೆ. 'ಹಿ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ' ಎನ್ನಿ.

ನಿಜವಾದ ತೊಡಕು ಮಸ್ಟ್‌ನದು. ಕಡ್ಡಾಯದ ಅರ್ಥವಿದ್ದರೆ ಸಾಮಾನ್ಯವಾಗಿ 'ಹ್ಯಾಡ್ ಟು': 'ಶಿ ಸೆಡ್ ಐ ಹ್ಯಾಡ್ ಟು ಪೇ'. ಊಹೆಯಾದರೆ ಬದಲಿಸಬೇಡಿ: 'ಹಿ ಸೆಡ್ ದೇ ಮಸ್ಟ್ ಬಿ ಟಯರ್ಡ್'. 'ಮಸ್ಟ್ ನಾಟ್' ಅನ್ನು 'ಡಿಡ್ ನಾಟ್ ಹ್ಯಾವ್ ಟು' ಮಾಡಿದರಂತೂ 'ಕೂಡದು' ಎಂಬುದು 'ಬೇಕಿಲ್ಲ' ಆಗಿಬಿಡುತ್ತದೆ. 'ಮಸ್ಟ್ ನಾಟ್' ಅನ್ನು ಹಾಗೆಯೇ ಉಳಿಸಿ.