ಕೊಳೆ ಮದ್ದಿಗೆ ಮೊದಲು ವ್ಯೂಹ, ಆಮೇಲೆ ಪಟ್ಟು

ಕಾರ್ಯತಂತ್ರ (ಸ್ಟ್ರಾಟಜಿ), ತಂತ್ರ (ಟ್ಯಾಕ್ಟಿಕ್) ಎಂದರೆ ಎರಡರಲ್ಲೂ ‘ತಂತ್ರ’ವೇ ಇರುವುದರಿಂದ ಸಭೆಯಲ್ಲಿ ಗೊಂದಲವಾಗುತ್ತದೆ. ಮೊದಲನೆಯದನ್ನು ವ್ಯೂಹ, ಎರಡನೆಯದನ್ನು ಪಟ್ಟು ಎನ್ನೋಣ. ಇರುವ ಜನ, ದುಡ್ಡು, ದಿನಗಳನ್ನು ಯಾವುದಕ್ಕೆ ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದು ವ್ಯೂಹ. ನಾಳೆ ಬೆಳಿಗ್ಗೆ ಯಾರು ಏನು ಮಾಡಬೇಕು ಎಂಬುದು ಪಟ್ಟು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿ ಕಡೆಯ ಜನ ಮರ ಕಡಿಯುವುದನ್ನು ತಡೆಯಲು ಕಾಡಿಗೆ ಹೋಗಿ ಮರ ಅಪ್ಪಿದ್ದು ಪಟ್ಟು; ‘ಉಳಿಸು, ಬೆಳೆಸು, ಬಳಸು’ ಎಂಬುದು ಆ ಅಪ್ಪಿಕೋ ಚಳವಳಿಯ ವ್ಯೂಹ. ಅಪ್ಪುವ ಕೆಲಸ ಕೊಡಲಿ ಬಂದ ದಿನಕ್ಕೆ. ಗಿಡ ಬೆಳೆಸುವುದು, ಸೌದೆ ಉಳಿಸುವ ಒಲೆ ಹಾಕಿಸುವುದು ವರ್ಷಗಟ್ಟಲೆಯದು.

ಈಗ ಶಿರಸಿ ಸೀಮೆಯ ಒಂದು ಊರಿನ ಹನ್ನೆರಡು ಅಡಿಕೆ ತೋಟದವರು ಸೇರಿ ಕೊಳೆರೋಗ (ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ) ತಡೆಯಲು ಹೊರಟಿದ್ದಾರೆ, ಮುಂದಾಳು ನೀವು ಎಂದುಕೊಳ್ಳಿ. ಮೇ ಮೊದಲ ವಾರವೇ ಎಲ್ಲರನ್ನೂ ಕೂರಿಸಿ ಇಷ್ಟು ಬರೆಸಿ: ‘ಮಳೆ ಹಿಡಿಯುವುದರೊಳಗೆ ಊರಿನ ಎಲ್ಲ ತೋಟಕ್ಕೂ ಮೊದಲ ಮದ್ದು ಮುಗಿಯಬೇಕು. ಒಬ್ಬರ ಮೇಲೊಬ್ಬರು ಕೂಲಿ ಏರಿಸಿ ಕೊನೆಗೌಡರನ್ನು ಕರೆಯುವುದಿಲ್ಲ.’ (ಕೊನೆಗೌಡರೆಂದರೆ ಅಡಿಕೆ ಮರ ಹತ್ತಿ ಮದ್ದು ಹೊಡೆಯುವ, ಕೊನೆ ಕೊಯ್ಯುವ ಕೆಲಸಗಾರರು.) ಎರಡನೇ ಮಾತೇ ಜೀವಾಳ. ಏನನ್ನೂ ಬಿಟ್ಟುಕೊಡದ ವ್ಯೂಹ ಬರೀ ಆಸೆ. ‘ಎಲ್ಲ ತೋಟಕ್ಕೂ’ ಏಕೆಂದರೆ, ಒಂದು ತೋಟ ತಪ್ಪಿದರೂ ಅಲ್ಲಿ ಕೊಳೆತ ಕಾಯಿಯಿಂದ ಗಾಳಿ-ಮಳೆಯಲ್ಲಿ ರೋಗ ಪಕ್ಕಕ್ಕೆ ದಾಟುತ್ತದೆ.

ಉಳಿದದ್ದೆಲ್ಲ ಪಟ್ಟು. ತಗ್ಗಿನ ತೋಟ, ಹೋದ ವರ್ಷ ಕೊಳೆ ಬಂದ ತೋಟ ಮೊದಲು. ಮುಂದಾಳಿನ ತೋಟ ಎಂಬ ಕಾರಣಕ್ಕೆ ಯಾವುದೂ ಮುಂದೆ ಬರಬಾರದು. ಮದ್ದು ಎಂದರೆ ಬೋರ್ಡೋ ದ್ರಾವಣ: ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿಯನ್ನು 50 ಲೀಟರ್ ನೀರಿನಲ್ಲಿ, ಸುಣ್ಣ 1 ಕೆಜಿಯನ್ನು ಇನ್ನೊಂದು 50 ಲೀಟರಿನಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಕರಗಿಸಿ, ಸೋಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕು. ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಅಂದು ಕಲಸಿದ್ದು ಅಂದೇ ಮುಗಿಯಬೇಕು. ಎರಡನೇ ಮದ್ದು 40–45 ದಿನಕ್ಕೆ. ಕೆಲವು ತೋಟಕ್ಕೆ ಮದ್ದಿನ ಬದಲು, ಮಳೆನೀರು ತಾಗದಂತೆ ಅಡಿಕೆ ಗೊಂಚಲಿಗೆ ಕೊಟ್ಟೆ (ಹೊದಿಕೆ) ಕಟ್ಟುವುದೂ ಪಟ್ಟೇ.

ಎಡವುವುದು ಎರಡು ಕಡೆ. ಮೂರು ದಿನ ಮಳೆ ಬಂದು ಕೆಲಸ ನಿಂತರೆ ‘ಒಟ್ಟಾಗಿ ಮಾಡುವುದೇ ಬೇಡ’ ಎಂದು ಯಾರೋ ಏಳುತ್ತಾರೆ. ಕೆಟ್ಟದ್ದು ಪಟ್ಟು ಮಾತ್ರ. ಸರದಿ ಬದಲಿಸಿ, ಬರೆದದ್ದನ್ನು ಮುಟ್ಟಬೇಡಿ. ಇನ್ನೊಂದು ಇದಕ್ಕಿಂತ ಅಪಾಯದ್ದು: ಕೆಟ್ಟದ್ದು ವ್ಯೂಹವೇ ಆಗಿದ್ದರೂ ಪಟ್ಟನ್ನಷ್ಟೇ ಬದಲಿಸುತ್ತ ಹೋಗುವುದು. ಒಬ್ಬರು ದಿನಕ್ಕೆ ಎಷ್ಟು ಮರ ಮುಗಿಸುತ್ತಾರೆ ಎಂದು ಕೊನೆಗೌಡರನ್ನೇ ಕೇಳಿ, ಜನ ಮತ್ತು ದಿನಗಳಿಂದ ಗುಣಿಸಿ, ಒಟ್ಟು ಮರದ ಎದುರು ಇಡಿ. ಲೆಕ್ಕ ಕೂಡದಿದ್ದರೆ ಎಷ್ಟು ಸರದಿ ತಿರುಗಿಸಿದರೂ ಮುಗಿಯದು. ಆಗ ಮತ್ತೆ ಸಭೆ ಕರೆದು ವ್ಯೂಹವನ್ನೇ ಬದಲಿಸಬೇಕು: ನೆಲದಿಂದಲೇ ಹೊಡೆಯುವ ಫೈಬರ್ ದೋಟಿ (ಉದ್ದ ಕೋಲು) ಒಟ್ಟಾಗಿ ಕೊಳ್ಳುವುದೋ, ಪಕ್ಕದ ಊರಿನವರನ್ನು ಕರೆಯುವುದೋ. ಈ ಲೆಕ್ಕ ಮೇ ತಿಂಗಳಲ್ಲೇ ಆಗಬೇಕು. ಜೂನಿನಲ್ಲಿ ಮಾಡಿದರೆ ದೋಟಿ ಬರುವ ಹೊತ್ತಿಗೆ ಕಾಯಿ ಉದುರುತ್ತಿರುತ್ತದೆ.